ಮೂರು ತೂತಿನ ಹಲಗೆ

ನಮ್ಮ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸಲು ಒಂದು ಹಲಗೆಯಿತ್ತು. ಮೊಳದುದ್ದದ ತೇಗ, ನಡುವೆ ಕಿರುಬೆರಳು ತೂರುವಷ್ಟು ಮೂರು ತೂತು, ಮೈತುಂಬ ಅರವತ್ತು ಚಿಲ್ಲರೆ ವರ್ಷಗಳ ಸಾರು, ಹಾಲು, ಕಾಫಿಗಳು ಉಳಿಸಿಹೋದ ಬಳೆಗುರುತು. ಆವಿ ಇಳಿಯಲೆಂದೇ ತೂತು ಕೊರೆದಿದ್ದಾರೆ, ಎಷ್ಟು ಪ್ರ್ಯಾಕ್ಟಿಕಲ್ ಎಂದು ಬಂದವರು ಮೆಚ್ಚಿದರೆ ನಾನೂ ತಲೆಯಾಡಿಸುತ್ತಿದ್ದೆ. ನಿಮ್ಮ ಮುಂದೆ ಮುಚ್ಚಿಡುವುದೇಕೆ? ಅದು ನನ್ನ ಒಂದು ಮಾತಿನಿಂದ ಅರ್ಧಕ್ಕೇ ನಿಂತಿತೆಂದು ನಾನು ನಂಬಿಕೊಂಡು ಬಂದ ಕೆಲಸ.

ನನ್ನ ತಾತ ಚಿನ್ನದ ಗಣಿಯಲ್ಲಿ ಟಿಂಬರ್‌ಮನ್. ನೆಲದಡಿಯ ಸುರಂಗಗಳ ನೆತ್ತಿ ಕುಸಿಯದಂತೆ ದಿಮ್ಮಿಯ ಆಸರೆ ಕೊಡುವವರು. ಆ ಕತ್ತಲಲ್ಲಿ ಮರಕ್ಕೆ ಹೊರುವುದೊಂದೇ ಕೆಲಸ, ಸಿಂಗಾರವಿಲ್ಲ. ಅದಕ್ಕೇ ಇರಬೇಕು, ರಿಟೈರ್ ಆದೊಡನೆ ಅವರು ಆಂಡರ್ಸನ್‌ಪೇಟೆಯ ಈ ಪುಟ್ಟ ಮನೆಯ ಸೂರಿನಂಚಿಗೆ, ಹಲಗೆ ಹಲಗೆಯಾಗಿ, ಜಾಲರಿಯಂಥ ಮರದ ಲೇಸು ಕೊರೆಯಲು ಕೂತದ್ದು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಲ್ಲಿಗೆ ಬಂದ ದೊರೆಗಳು ತಮ್ಮೂರಿನ ಚೂಪು ತ್ರಿಕೋನದ ಗೇಬಲ್ಲು, ಬಣ್ಣದ ಗಾಜು, ಸೂರಿನಂಚಿನ ಫ್ರಿಲ್ಲುಗಳನ್ನು ಈ ಕೆಂಪು ಬಯಲಿಗೆ ಹೊತ್ತು ತಂದಿದ್ದರು. ಹಿಮ ಬೀಳದ ನಾಡಿನಲ್ಲಿ ಹಿಮ ಜಾರಲೆಂದು ಕಟ್ಟಿದ ಮಾಡುಗಳು. ಅವರ ಬಂಗಲೆಗಳ ಬೇಲಿಯಾಚೆ ನಿಂತು ತಾತ ಕಣ್ಣಿನಲ್ಲೇ ಅಳತೆ ತೆಗೆದುಕೊಂಡಿದ್ದರು. ಅಲ್ಲಿನ ಲೇಸಿನಲ್ಲಿ ಮೂರೆಸಳಿನ ಯಾವುದೋ ಪರದೇಶಿ ಎಲೆ. ಇವರ ಗರಗಸಕ್ಕೆ ಬಂದಾಗ ಅದು ಹೊಂಗೆ ಎಲೆಯಾಯಿತು.

ದೊರೆಗಳು ಇಲ್ಲಿಗೆ ಬಂದ ಕಾಲದಲ್ಲೇ, ಅತ್ತ ಅಮೆರಿಕದಲ್ಲಿ, ಉಕ್ಕಿನ ಎಲುಬಿನ ಮೇಲೆ ಹತ್ತು ಹನ್ನೆರಡು ಅಂತಸ್ತಿನ ಕಟ್ಟಡಗಳು ಎದ್ದವು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಂದು ದಪ್ಪ ಪುಸ್ತಕದಲ್ಲಿ ಅವುಗಳ ಚಿತ್ರ ತೋರಿಸಿದ್ದರು. ಈಗಲೂ ಮಧ್ಯಾಹ್ನ ಜಗಲಿಯಲ್ಲಿ ಕಣ್ಣು ಮುಚ್ಚಿದರೆ ಆ ಚಿತ್ರಗಳೂ ನಮ್ಮೂರೂ ಒಂದರೊಳಗೊಂದು ಬೆರೆಯುತ್ತವೆ. ಅವರಿಗೆ ಮೇಲೇರಲು ಬೇಕಾದದ್ದು ಉಕ್ಕಿನ ಹಗ್ಗ ಮತ್ತು ಲಿಫ್ಟ್. ನಮ್ಮವರಿಗೆ ಕೆಳಗಿಳಿಯಲು ಬೇಕಾದದ್ದೂ ಅವೇ. ಅಲ್ಲಿ ಜನ ಮೋಡದ ಕಡೆ ಅಂತಸ್ತು ಎಣಿಸುತ್ತ ಹೋದರು, ಇಲ್ಲಿ ಪಾತಾಳದ ಕಡೆ ಲೆವೆಲ್ ಎಣಿಸುತ್ತ ಹೋದರು. ನಮ್ಮ ಸ್ಕೈಸ್ಕ್ರೇಪರುಗಳೆಲ್ಲ ಬೇರಿನಂತೆ ಭೂಮಿಯೊಳಗಿವೆ. ಗಣಿ ಮುಚ್ಚಿದ ಮೇಲೆ ಈಗ ಅವುಗಳ ತುಂಬ ನೀರು, ಒಂದು ಕಿಟಕಿಯೂ ಇಲ್ಲ.

ಮಾರಿಕುಪ್ಪಂ ರೈಲು ಹತ್ತಿ ತಾತ ನನ್ನನ್ನು ಬೆಂಗಳೂರಿಗೆ ಕರೆದೊಯ್ದ ದಿನ ನೆನಪಾಗುತ್ತದೆ. ಯಾವುದೋ ಆಫೀಸಿನ ಲಿಫ್ಟಿನಲ್ಲಿ ಬಾಗಿಲು ಮುಚ್ಚಿತು. ತಾತ ಗುಂಡಿ ಒತ್ತಲಿಲ್ಲ, ಬೆರಳ ಗೆಣ್ಣಿನಿಂದ ಗೋಡೆಗೆ ಮೂರು ಸಲ ತಟ್ಟಿ, ಟೋಪಿ ಸರಿಮಾಡಿಕೊಂಡು, ಸುಮ್ಮನೆ ನಿಂತರು. ಗಣಿಗೆ ಇಳಿಸುವ ಪಂಜರದಲ್ಲಿ ಮೂರು ಸಲ ಗಂಟೆ ಬಾರಿಸಿದರೆ, ಒಳಗಿರುವುದು ಅದಿರು ಅಲ್ಲ, ಮನುಷ್ಯರು, ನಿಧಾನ ಎಂದರ್ಥ. ಪಕ್ಕದಲ್ಲಿದ್ದವರು ನಕ್ಕರು. ನನಗೆ ನಾಚಿಕೆಯಾಯಿತು.

ಆ ನಾಚಿಕೆಯೇ ಮನೆಗೆ ಬಂದ ಮೇಲೆ ಮಾತಾಯಿತೇನೋ. ತಾತ ಹನ್ನೆರಡನೆಯ, ಕೊನೆಯ ಹಲಗೆಗೆ ಮೂರು ತೂತು ಕೊರೆದು, ಗರಗಸದ ದಾರದಂಥ ಅಲಗಿನ ಎಳೆಯನ್ನು ಒಂದರೊಳಗೆ ಪೋಣಿಸುತ್ತಿದ್ದರು. "ಈ ಫ್ರಿಲ್ಲೆಲ್ಲ ಈಗ ಔಟ್ ಆಫ್ ಫ್ಯಾಷನ್ ತಾತಾ, ಈಗೆಲ್ಲ ಪ್ಲೇನ್" ಎಂದೆ. ಅವರು ಎಳೆ ಬಿಚ್ಚಿದರು, ಗರಗಸ ಗೂಡಿನಲ್ಲಿಟ್ಟರು. ಮತ್ತೆ ಎತ್ತಿಕೊಳ್ಳಲಿಲ್ಲ. ಆ ಹಲಗೆ ಅಡುಗೆಮನೆ ಸೇರಿತು. ಮುಂದಿನ ಬೇಸಿಗೆಗೆ ಅವರೇ ಇರಲಿಲ್ಲ.

ಈ ವರ್ಷ ಸೂರು ಸೋರತೊಡಗಿತು. ಜೊತೆಗಿರುವ ತಂಗಿ ಸುಶೀಲ ಲೇಸನ್ನು ಕಿತ್ತು ತಗಡು ಹೊಡೆಸೋಣವೆಂದು ಹಟ ಹಿಡಿದು, ಬೇತಮಂಗಲದ ಬಡಗಿ ಮುನಿಯಪ್ಪನನ್ನು ಕರೆಸಿದಳು. ಆತ ಹನ್ನೊಂದು ಹಲಗೆಗಳನ್ನೂ ಇಳಿಸಿ ಅಂಗಳದಲ್ಲಿ ಸಾಲಾಗಿ ಮಲಗಿಸಿದ.

"ಒಲೆಗಾಕು ಮುನಿಯಪ್ಪ, ನಮ್ಮಕ್ಕಂಗೆ ನೀರಾದ್ರೂ ಕಾಯ್ಲಿ" ಎಂದಳು ಸುಶೀಲ.

"ತೇಗ ಕಣಮ್ಮೋ, ಒಲೆಗಾಕ್ತಾರಾ?" ಮುನಿಯಪ್ಪ ಕುಕ್ಕರಗಾಲಲ್ಲಿ ಕೂತು, ಎಲೆಗಳ ಅಂಚಿಗೆ ಉಗುರು ಆಡಿಸುತ್ತ ಸಾಲಿನುದ್ದಕ್ಕೂ ಸರಿದ. ಎಂಟನೆಯದರ ಬಳಿ ನಿಂತ. "ಇದ್ನ ಕೊರ್ದ ಆಯಪ್ಪಂಗೆ ದಮ್ಮಿನ ಕಾಯ್ಲೆ ಇತ್ತಾ?"

ಯಾಕೆಂದು ಕೇಳಿದೆ.

"ಮೊದ್ಲೆಲ್ಲ ಒಂದೆಲೆ ಒಂದೇ ಓಟ. ಇಲ್ಲಿಂದ ನೋಡು, ಗರಗಸ ನಿಂತು ನಿಂತು ಓಗೈತೆ, ನಿಂತ ಕಡೆಯೆಲ್ಲ ಕಚ್ಚು. ಕೊನೇದ್ರಲ್ಲಿ ಒಂದೆಲೆಗೆ ಆರು ಕಡೆ ನಿಂತವ್ನೆ. ಉಸುರು ಸಾಲ್ದೆ ಓಗೈತೆ. ಗಣಿ ದೂಳು ಕುಡ್ದೋರ ಕೆಲ್ಸ ಬಾಳ ನೋಡಿವ್ನಿ."

ನಾನೂ ಆತನ ಪಕ್ಕ ಕೂತೆ. ಉಗುರು ಆಡಿಸಿ ನೋಡಿದೆ. ನಿಜ, ಎಂಟರಿಂದಾಚೆ ಅಂಚು ಮುಗ್ಗರಿಸುತ್ತಿತ್ತು. ಬೆಂಗಳೂರಿಗೆ ಹೋಗುವ ಮೊದಲೇ, ನನ್ನ ಮಾತಿಗೂ ಎಷ್ಟೋ ಮೊದಲೇ, ಆ ಕೈ ಸೋಲುತ್ತಿತ್ತು. ನನ್ನ ತಪ್ಪಲ್ಲವೆಂದು ಹಗುರಾಗಬೇಕಿತ್ತು, ಅಲ್ಲವೇ? ಒಂದು ಗಳಿಗೆ ಆದೆ ಕೂಡ. ಆದರೆ ದಿನವೂ ಎದುರು ಕೂತು ಎಲೆ ಎಣಿಸುತ್ತಿದ್ದವಳು ಒಮ್ಮೆಯೂ ಅವರ ಎದೆಯ ಏರಿಳಿತ ನೋಡಲಿಲ್ಲ. ಅವರ ಸೋಲನ್ನು ಇಷ್ಟು ವರ್ಷ ನನ್ನ ಮಾತಿನ ಪ್ರತಾಪವೆಂದುಕೊಂಡು ಸಾಕಿದೆ; ಪಶ್ಚಾತ್ತಾಪದಲ್ಲೂ ಎಂಥ ವ್ಯಾನಿಟಿ ನೋಡಿ. ಪ್ರಾಯಶಃ ನನ್ನ ಮಾತು ತಾತನಿಗೆ ಒಂದು ನೆಪ ಕೊಟ್ಟಿತು. ಕೈಲಾಗದೆಂದು ಮೊಮ್ಮಗಳಿಗೆ ಹೇಳುವ ಕಷ್ಟ ತಪ್ಪಿಸಿತು. ಹಾಗೆಂದುಕೊಳ್ಳಲು ಇಷ್ಟಪಡುತ್ತೇನೆ. ಖಾತ್ರಿಯಿಲ್ಲ.

ಸೂರಿಗೆ ತಗಡು ಬರಲಿ, ಅದರಂಚಿಗೆ ಲೇಸು ಹಾಗೇ ಇರಲಿ ಎಂದೆ. ಸುಶೀಲ ನನ್ನ ಮುಖ ನೋಡಿ ಒಳಗೆ ಹೋದಳು. ಕೊನೆಯಲ್ಲಿ ಒಂದು ಹಲಗೆಯಷ್ಟು ಖಾಲಿ ಜಾಗ, ಹೊಸದೊಂದನ್ನು ಮಿಷನ್ನಿನಲ್ಲಿ ಕೊರೆದು ತರುತ್ತೇನೆ ಎಂದ ಮುನಿಯಪ್ಪ. ನಾನು ಅಡುಗೆಮನೆಗೆ ಹೋಗಿ, ಹಾಲಿನ ಪಾತ್ರೆ ಎತ್ತಿಟ್ಟು, ಹಲಗೆ ತೊಳೆದು ತಂದೆ.

"ಇದ್ರಲ್ಲಿ ಎಲೆ ಕೊರಿಬೋದಮ್ಮ, ತೂತು ರೆಡಿ ಐತೆ."

"ಬೇಡಪ್ಪ. ಹೀಗೇ ಹೊಡಿ."

ಈಗ ಬೆಳಗಿನ ಬಿಸಿಲು ಹನ್ನೊಂದು ಹಲಗೆಗಳಿಂದ ಹೊಂಗೆಯ ನೆರಳಾಗಿ ಜಗಲಿಗೆ ಇಳಿಯುತ್ತದೆ. ಹನ್ನೆರಡನೆಯದರಿಂದ ಮೂರೇ ಮೂರು ಬೆಳಕಿನ ಬೊಟ್ಟು. ಹಾಲಿನ ಪಾತ್ರೆ ಮಡಿಸಿದ ಬಟ್ಟೆಯ ಮೇಲೆ ಕೂರಲು ಕಲಿತಿದೆ. ಮುನಿಯಪ್ಪ ಮೊಳೆ ಹೊಡೆದು ಇಳಿದ ದಿನ ನಾನು ಸ್ಟೂಲ್ ಹತ್ತಿ, ಬೆರಳ ಗೆಣ್ಣಿನಿಂದ ಆ ಹಲಗೆಗೆ ಮೂರು ಸಲ ತಟ್ಟಿದೆ.

"ಯಾಕಮ್ಮ ತಟ್ತೀಯ, ಗಟ್ಟಿಯಾಗೇ ಐತೆ" ಎಂದ ಆತ, ಸ್ಟೂಲ್ ಹಿಡಿದುಕೊಂಡು. "ಇಳಿ, ನಿಧಾನ."