ತಂದೆ ಇಲ್ಲದ ಮಕ್ಕಳಿಗೆ ಡಿಸ್ಕೌಂಟ್

ಮಗಳ ಸೆಕೆಂಡ್ ಪಿಯು ಫಲಿತಾಂಶ ಬಂದ ವಾರವೇ ಫೋನುಗಳು ಶುರುವಾದವು. ಸಂಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಇರುವವರು ನಾವಿಬ್ಬರೇ. ನಾನು ಕೆಂಪಾಪುರದ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದು ಚೀಟಿ ಕೊಡುವವಳು. ಅಡುಗೆ ಮಾಡುವಾಗ, ಬಸ್ಸಿಗೆ ನಿಂತಾಗ, ಯಾವಾಗೆಂದರೆ ಆವಾಗ ಫೋನು. ‘ಇಂಜಿನಿಯರಿಂಗ್ ಸೀಟ್ ಬೇಕಾ ಮೇಡಂ?’ ಬೇಡ ಅಂದು ಇಟ್ಟುಬಿಡುತ್ತಿದ್ದೆ.

ಒಂದು ಸಂಜೆ ಮಗಳೇ ಎತ್ತಿದಳು. ಆ ಕಡೆಯ ಹೆಂಗಸಿಗೆ ಅವಳ ಹೆಸರು, ಅಂಕ, ಓದಿದ ಕಾಲೇಜು ಎಲ್ಲವೂ ಗೊತ್ತಿತ್ತು. ಮಾತಿನ ಕೊನೆಗೆ, ‘ತಂದೆ ಇಲ್ಲದ ಮಕ್ಕಳಿಗೆ ನಮ್ಮಲ್ಲಿ ಡಿಸ್ಕೌಂಟ್ ಇದೆಯಮ್ಮ’ ಅಂದಳಂತೆ.

ಮಗಳು ಫೋನಿಟ್ಟು ನನಗೆ ಇದನ್ನು ಹೇಳಿದಳು. ಅಪ್ಪ ತೀರಿಹೋದದ್ದನ್ನು ಅವಳು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ, ಪಕ್ಕದಲ್ಲಿ ಕೂರುವ ಗೆಳತಿಗೂ. ಅಯ್ಯೋ ಪಾಪ ಅನ್ನುವ ಮುಖಗಳನ್ನು ನೋಡೋಕಾಗಲ್ಲ ಅನ್ನುತ್ತಿದ್ದಳು. ನಾವು ಅದನ್ನು ಬರೆದುಕೊಟ್ಟದ್ದು ಅರ್ಜಿಗಳಲ್ಲಿ ಮಾತ್ರ. ವಿದ್ಯಾರ್ಥಿವೇತನಕ್ಕೆ, ಕೋಚಿಂಗ್ ಸೆಂಟರಿಗೆ, ಬ್ಯಾಂಕ್ ಸಾಲ ಸಿಗುತ್ತದೆಯೇ ಎಂದು ವಿಚಾರಿಸಲು. ಎಲ್ಲಿಂದ ಸೋರಿತೋ.

‘ಅವರ ಆಫೀಸಿಗೆ ಹೋಗೋಣ ಅಮ್ಮ. ಅಡ್ರೆಸ್ ಮೆಸೇಜ್ ಮಾಡಿದಾರೆ’ ಅಂದಳು.

ಮರುದಿನ ಕ್ಲಿನಿಕ್ಕಿಗೆ ರಜೆ ಹಾಕಿದೆ. ಹೆಬ್ಬಾಳದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಹೆಸರು ಹೇಳಿದ ಮೇಲೆ ಫೋನು ಮಾಡಿದ್ದ ಹೆಂಗಸೇ ನಗುತ್ತಾ ಕುರ್ಚಿ ಎಳೆದು ಕೂರಿಸಿದಳು. ಸೀಟಿಗೆ ಬಂದಿದ್ದಾರೆ ಅಂದುಕೊಂಡಿರಬೇಕು. ನಾನು ಸಿಟ್ಟಿನಲ್ಲಿ ಏನೇನೋ ಹೇಳಲು ಹೊರಟಿದ್ದೆ. ಮಗಳು ನನ್ನ ಕೈ ಹಿಡಿದು ತಾನೇ ಮಾತಾಡಿದಳು.

‘ನಮ್ಮಪ್ಪ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು?’

‘ಗೊತ್ತಿಲ್ಲಮ್ಮ. ಲಿಸ್ಟ್ ಬರುತ್ತೆ, ನಾವು ಕಾಲ್ ಮಾಡ್ತೀವಿ ಅಷ್ಟೇ.’

‘ಹಾಗಾದ್ರೆ ನನ್ನ ಹೆಸರು ತೆಗೀರಿ. ನನ್ನ ಎದುರಿಗೇ ತೆಗೀರಿ.’

ಆಕೆ ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ, ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ಅಳಿಸಿದಳು. ಆಮೇಲೆ ದನಿ ತಗ್ಗಿಸಿ, ‘ನನ್ನ ಹತ್ರ ಇದ್ದಿದ್ದು ಹೋಯ್ತು. ಬೇರೆಯವರ ಹತ್ರಾನೂ ಇರುತ್ತೆ, ಸುಳ್ಳು ಹೇಳಲ್ಲ’ ಅಂದಳು. ಆಕೆಯ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಠಾಣೆಗೂ ಹೋಗಿ ದೂರು ಕೊಟ್ಟೆವು. ತೆಗೆದುಕೊಂಡರು. ಗೊತ್ತಿಲ್ಲದ ನಂಬರು ಎತ್ತಬೇಡಿ ಅಂದರು.

ಸರ್ಕಾರದ ಬಗ್ಗೆ ಅಭಿಪ್ರಾಯ ಹೇಳುವಷ್ಟು ಓದಿದವಳಲ್ಲ ನಾನು, ಆದರೂ ಒಂದು ಮಾತು ಅನ್ನಿಸುತ್ತದೆ. ಓದುವ ಆಸೆ ಇರುವ ಮಕ್ಕಳಿಗೆಲ್ಲ ಕೈಗೆಟುಕುವ ಸೀಟು ಸಿಗುವ ಹಾಗಿದ್ದರೆ ಇಂಥ ಲಿಸ್ಟನ್ನು ಯಾರು ಕೊಳ್ಳುತ್ತಿದ್ದರು? ಫೀಸಿಗೆ ಹೆದರಿದವರ ಮನೆಗೇ ಈ ಫೋನುಗಳು ಬರುವುದು. ಸವಲತ್ತು ಬೇಕೆಂದರೆ ಮನೆಯ ಸಾವನ್ನೂ ಬರೆದುಕೊಡು ಅನ್ನುತ್ತಾರೆ, ಕೊಡುತ್ತೇವೆ. ಅದನ್ನು ಯಾರು ಯಾರು ನೋಡಿದರು ಎಂದು ಕೇಳಿದರೆ ಉತ್ತರ ಹೇಳುವ ಒಬ್ಬರಾದರೂ ಇರಬೇಕಲ್ಲ.

ಮಗಳು ಯಲಹಂಕ ಕಡೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಇಂಜಿನಿಯರಿಂಗ್ ಬಿಟ್ಟಿದ್ದು ದುಡ್ಡಿನ ಮುಖ ನೋಡಿಯಾ ಎಂದು ಒಂದು ಭಾನುವಾರ ಬಟ್ಟೆ ಒಣಹಾಕುತ್ತಾ ಕೇಳಿಯೇಬಿಟ್ಟೆ.

‘ಅರ್ಧ ಅದಕ್ಕೇ. ಇನ್ನರ್ಧ, ನಂಗೆ ಫಿಸಿಕ್ಸ್ ಇಷ್ಟ ಕಣಮ್ಮ’ ಅಂದಳು.

ನಿಜವನ್ನೇ ಹೇಳಿದ್ದಾಳೆ. ಲ್ಯಾಬ್ ಇರುವ ದಿನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡುತ್ತಾಳೆ. ನನಗೆ ಅರ್ಥವಾಗುವುದು ಕಡಿಮೆ. ಕೂತು ಕೇಳುತ್ತೇನೆ.