ಅಳೋ ಪಾತ್ರ ಕೊಡ್ರಿ ಸರ್

ಸ್ಟಾಫ್ ರೂಮಿನಲ್ಲಿ ಯಾರೋ ಡಬ್ಬಿ ಬಿಚ್ಚಿದರು. ಕಡಲೆಹಿಟ್ಟಿನ ಝುಣಕದ ವಾಸನೆ ಬಂತು. ಬೀದರಿನ ನಮ್ಮ ಕಾಲೇಜಿನಲ್ಲಿ ಅದು ದಿನದ ವಾಸನೆಯೇ. ಆದರೆ ಅದೇ ಹೊತ್ತಿಗೆ ಭಾಲ್ಕಿಯ ಹುಡುಗಿಯೊಬ್ಬಳು ನನ್ನ ಮೇಜಿನ ಮುಂದೆ ಬಂದು ನಿಂತಳು. "ಸರ್, ನಾಟಕದ ಕಾಲೇಜಿಗೆ ಆಯ್ಕೆ ಪರೀಕ್ಷಾ ಅದರಿ. ಒಬ್ಬಾಕಿನೇ ಮಾತಾಡೋದು ಒಂದು, ಇಬ್ಬರದು ಒಂದು ದೃಶ್ಯ ಬೇಕ್ರಿ. ಅಳೋ ಪಾತ್ರ ಇದ್ರ ಚಲೋ ನೋಡ್ರಿ." ಅಳುವೂ ಝುಣಕವೂ ಒಟ್ಟಿಗೆ ಬಂದರೆ ನನಗೆ ಔರಾದಿನ ಮಹಾದೇವಿ ನೆನಪಾಗುತ್ತಾಳೆ.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಹಿಂದೊಮ್ಮೆ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ರಾಜನ ಪಾತ್ರ ಮಾಡಿ, ಮಾತು ಮರೆತು ನಿಂತುಬಿಟ್ಟಿದ್ದೆ. ಜನ ಅದನ್ನೇ ಅಭಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಅಂದಿನಿಂದ ನಾನು ನಾಟಕ ಬಲ್ಲವ. ವರ್ಷಕ್ಕೆ ಒಬ್ಬಿಬ್ಬರು ಬರುತ್ತಾರೆ, ಎಲ್ಲರಿಗೂ ಅಳಬೇಕು. ಮೀಸೆ ಮೂಡದವರೂ ಮಗನನ್ನು ಕಳೆದುಕೊಂಡ ಮುದುಕರಾಗಲು ತಯಾರು. ವಯಸ್ಸಿಗೆ ಒಪ್ಪುವುದನ್ನು ಆರಿಸಿಕೊಳ್ಳಿ, ಎದುರು ಕೂತ ಪರೀಕ್ಷಕರು ಬೆಳಗಿನಿಂದ ಅಳುವವರನ್ನೇ ನೋಡಿ ಬೇಸತ್ತಿರುತ್ತಾರೆ ಎಂದು ಹೇಳಿ ಹೇಳಿ ನಾನೇ ದಣಿದಿದ್ದೇನೆ. ಈಗೀಗ ವಾದ ಮಾಡುವುದಿಲ್ಲ. ಗಂಡ ಸತ್ತವಳ ಮಾತೊಂದು ಕಪಾಟಿನಲ್ಲಿ ಇದ್ದೇ ಇರುತ್ತದೆ, ತೆಗೆದು ಕೊಟ್ಟುಬಿಡುತ್ತೇನೆ.

ಮಹಾದೇವಿಗೂ ಅದನ್ನೇ ಕೊಟ್ಟಿದ್ದೆ. ಕುರಿ ಸಾಕುವವರ ಮನೆಯ ಮಗಳು. ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಗಟ್ಟಿಯಾದ ಗಂಟಲು. ಅವಳಪ್ಪ ಮೊದಲೇ ಹೇಳಿಬಿಟ್ಟಿದ್ದ: "ಒಮ್ಮಿ ಹೋಗಿ ನೋಡು. ಆಗಲಿಲ್ಲಂದ್ರ ಬಂದ ವರಕ್ಕ ಹೂಂ ಅನ್ನು." ಅವಳ ಪಾಲಿಗೆ ಇದ್ದದ್ದು ಆ ಒಂದೇ ಸಲ.

ಊರಿಗೆ ಹೋದವಳು ಮಧ್ಯಾಹ್ನ ಹೆತ್ತವರು ಹೊಲದಲ್ಲಿದ್ದಾಗ ಬಾಗಿಲು ಮುಂದೆ ಮಾಡಿ ಅಭ್ಯಾಸ ಶುರು ಮಾಡಿದಳು. ಒಳಗೆ ಇದ್ದದ್ದು ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಆಯಿ, ಅಪ್ಪನ ತಾಯಿ. ಆ ಗಂಟಲಿನ ಅಳು ಕೇಳಿದ ಓಣಿ ಸುಮ್ಮನೆ ಕೂಡುತ್ತದೆಯೇ? ಮುದುಕಿ ಹೋದಳು ಎಂದೇ ತಿಳಿದರು. ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಅಡುಗೆ ತಂದಿಡುತ್ತಾರೆ. ಪಕ್ಕದ ಮನೆಯ ಶಾಂತಮ್ಮ ಮಣ್ಣು ಆಗುವ ತನಕವೂ ತಡೆಯದೆ, ತನ್ನ ಮನೆಯವರಿಗೆ ಮಾಡಿದ್ದ ರೊಟ್ಟಿ, ಝುಣಕ ಕಟ್ಟಿಕೊಂಡು, ಆಯಿಯ ಗುಣ ಹಾಡಿಕೊಂಡು ಅಳುತ್ತ ಒಳಗೆ ಬಂದಳು. ಹಿಂದೆ ಓಣಿಯೇ ಬಂತು. ಆಯಿ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳಂತೆ.

"ನಾ ಇನ್ನಾ ಇದ್ದೀನಿ. ಶಾಂತಿ, ಭಾಳ ಛಂದ ಅತ್ತಿ. ಇಷ್ಟು ದಿನದಾಗ ಒಮ್ಮಿನೂ ಇಷ್ಟು ಹೊಗಳಿರಲಿಲ್ಲ. ಬಂದದ್ದು ಬಂದೀರಿ, ರೊಟ್ಟಿ ಇಟ್ಟು ಹೋಗ್ರಿ."

ಊರಿನಿಂದ ಮರಳಿದ ಮಹಾದೇವಿ ನನ್ನ ಮುಂದೆ ನಿಂತು, ಆಯಿಯ ಹಾಗೆಯೇ ಕುತ್ತಿಗೆ ಕೊಂಕಿಸಿ, ಬಾಯಿ ಸೊಟ್ಟ ಮಾಡಿ ಇದನ್ನೆಲ್ಲ ಹೇಳಿದಳು. ಆಮೇಲೆ, "ಮರ್ಯಾದಿ ಹೋಯ್ತ್ರಿ ಸರ್. ಬ್ಯಾರೆ ಏನರ ಕೊಡ್ರಿ" ಅಂದಳು.

"ಬ್ಯಾರೆ ಯಾಕವ್ವ? ಈಗ ಮಾಡಿದ್ಯಲ್ಲ, ಅದನ್ನ ಮಾಡು" ಅಂದೆ.

ಅಚ್ಚಾದ ನಾಟಕದ್ದೇ ಆಗಬೇಕೆಂದು ನಾಟಕದ ಕಾಲೇಜು ಕೇಳಿರಲಿಲ್ಲ. ಒಬ್ಬಳೇ ಆಡುವುದಕ್ಕೆ ಆಯಿ, ಇಬ್ಬರ ದೃಶ್ಯಕ್ಕೆ ಆಯಿ ಮತ್ತು ಶಾಂತಮ್ಮ. ಸೀಟು ಸಿಕ್ಕಿತು. "ನಾ ಸಾಯಲಿಲ್ಲಂತ ಮೊಮ್ಮಗಳಿಗ ಸೀಟು ಸಿಕ್ತು" ಎಂದು ಆಯಿ ಊರೆಲ್ಲ ಹೇಳಿಸಿದಳು. ವರ ಬಂದ ದಾರಿ ಹಿಡಿದು ಹೋದ.

ರಜೆಗೆ ಬಂದಾಗೆಲ್ಲ ಮಹಾದೇವಿ ಮನೆಯಲ್ಲಿ ಗಟ್ಟಿಯಾಗಿಯೇ ಅಭ್ಯಾಸ ಮಾಡುತ್ತಿದ್ದಳು, ಓಣಿಗೂ ರೂಢಿಯಾಗಿತ್ತು. ಅಂಥದೇ ಒಂದು ರಜೆಯ ಮಧ್ಯಾಹ್ನ, ಮನೆಯಲ್ಲಿ ಇವಳೊಬ್ಬಳೇ ಇದ್ದಾಗ, ಆಯಿ ನಿಜವಾಗಿ ಹೋದಳು. ಮರುವಾರ ಮಹಾದೇವಿ ನನಗೆ ಫೋನು ಮಾಡಿದಳು.

"ಗಂಟಲ ಹರಿಯೋ ಹಂಗ ಅತ್ತೀನ್ರಿ ಸರ್. ಒಬ್ಬರೂ ಬರಲಿಲ್ಲ. ಪ್ರಾಕ್ಟೀಸ್ ನಡದದ ಅಂತ ತಿಳಕೊಂಡಾರ್ರಿ. ಕಡೀಗಿ ಅಳೋದು ಬಿಟ್ಟು ಹೊರಗ ಕಟ್ಟಿ ಮ್ಯಾಲ ಸುಮ್ಮ ಕೂತೆ. ಆಗ ಶಾಂತಮ್ಮ ಎದ್ದು ಬಂದ್ಳು."



ಭಾಲ್ಕಿಯ ಹುಡುಗಿ ಇನ್ನೂ ನಿಂತೇ ಇದ್ದಳು. ಕಪಾಟಿನ ಕಡೆ ಹೋದ ಕೈಯನ್ನು ಹಿಂದೆ ತೆಗೆದುಕೊಂಡು, ಕುರ್ಚಿ ಎಳೆದುಕೊಟ್ಟೆ. "ಕೂಡವ್ವ. ಅಳೋದು ಆಮ್ಯಾಲ ನೋಡಮು. ನಿಮ್ಮ ಮನ್ಯಾಗ ಯಾರ್ಯಾರು ಇದ್ದಾರ, ಅದು ಹೇಳು ಮೊದಲ."

ಅವಳು ಕೂತಳು. ಬೆರಳು ಮಡಚಿ ಮನೆಯವರನ್ನು ಎಣಿಸತೊಡಗಿದಳು. ನಾನು ಅವಸರ ಮಾಡಲಿಲ್ಲ.