ಶ್ರುತಿ ತಪ್ಪಿದ್ದು ಫೋರ್ಕ್ ಅಲ್ಲ

"ಶೈಲಾ, ಈ ಫೋರ್ಕ್ ಹಾಳಾಗಿದೆ ಮಾರಾಯ್ತಿ," ಎಂದ ರಾಮೋನ್. ಇಬ್ಬರಿಗೂ ಕೋವಿಡ್ ಪಾಸಿಟಿವ್ ಬಂದು, ಪುಚೊಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ಮೂರನೆಯ ಬೆಳಿಗ್ಗೆ ಅದು.

ರಾಮೋನ್ ನನ್ನ ಗಂಡ. ಸ್ಪೇನಿನವನು. ಅವನ ಕನ್ನಡವೆಲ್ಲ ಉಡುಪಿಯ ನನ್ನ ಅಮ್ಮನಿಂದ ಕಲಿತದ್ದು. ಸಂಗೀತ ರಚಿಸುವುದು ಅವನ ಕೆಲಸ. ಪಕ್ಕದ ಊರು ಪೆಟಾಲಿಂಗ್ ಜಯಾದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಾನೆ. ಅವನ ಅಪ್ಪ ವೆಲೆನ್ಸಿಯಾ ಹತ್ತಿರದ ಒಂದು ಸಣ್ಣ ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಮಗನಿಗೆ ಅವರು ಬಿಟ್ಟುಹೋದದ್ದು ಒಂದು ಟ್ಯೂನಿಂಗ್ ಫೋರ್ಕ್, ಬಡಿದರೆ ಒಂದೇ ಸ್ವರ ಹೊಮ್ಮಿಸುವ ಉಕ್ಕಿನ ಕವಲು. ರಾಮೋನ್ ಪಿಯಾನೊ ಮುಟ್ಟಿ ಬರೆಯುವವನಲ್ಲ. ಬೆಳಿಗ್ಗೆ ಫೋರ್ಕನ್ನು ಮೊಣಕಾಲಿಗೆ ಬಡಿದು, ಎಡಗಿವಿಗೆ ಹಿಡಿದು, ಆ ಒಂದು ಸ್ವರವನ್ನು ತಲೆಯಲ್ಲಿ ಕೂರಿಸಿಕೊಂಡು ಊಟದ ಮೇಜಿಗೆ ಬರುತ್ತಾನೆ. ಆಮೇಲೆ ಪೆನ್ಸಿಲ್, ರಬ್ಬರ್, ಮೌನ. ಆಗ ಅವನು ನಾಲ್ಕು ತಂತಿವಾದ್ಯಗಳ ಒಂದು ಕೃತಿಯ ಕೊನೆಯ ಭಾಗದಲ್ಲಿದ್ದ. ಅಪ್ಪನ ಊರಿನವರು ಕೇಳಿ ಬರೆಸುತ್ತಿದ್ದದ್ದು.

ನಾನು ನಕ್ಕೆ. "ಅದಕ್ಕೂ ವಯಸ್ಸಾಯ್ತೇನೋ. ಹೊಸದು ತರಿಸ್ತೀನಿ ಬಿಡು," ಎಂದು ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ.

ನಾನು ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುವವಳು. ಟ್ಯೂನಿಂಗ್ ಫೋರ್ಕಿನಿಂದ ಕಿವಿ ಪರೀಕ್ಷಿಸುವುದನ್ನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಕಲಿಸುವವಳು. ಉಕ್ಕಿನ ತುಂಡೊಂದು ಸುಮ್ಮಸುಮ್ಮನೆ ಶ್ರುತಿ ಬಿಡುವುದಿಲ್ಲ ಎನ್ನುವಷ್ಟೂ ನನಗೆ ಹೊಳೆಯಲಿಲ್ಲ. ಕಾಲೇಜಿನಲ್ಲಿ ಅದು ಉಪಕರಣ, ಮನೆಯಲ್ಲಿ ಮಾವನ ನೆನಪು. ಎರಡೂ ಒಂದೇ ಎಂದು ಒಮ್ಮೆಯೂ ಅನಿಸಲಿಲ್ಲ.

ಲಾಕ್‌ಡೌನಿನ ಡೆಲಿವರಿ. ಮೂರು ದಿನ ಹೋಯಿತು.

ಹೊಸ ಫೋರ್ಕ್ ಬಂತು. ಎರಡನ್ನೂ ಬಡಿದು, ಈ ಸಲ ಎರಡೂ ಕಿವಿಗೆ ಹಿಡಿದು ನೋಡಿದ. ಬಲಗಿವಿಗೆ ಎರಡೂ ಸರಿ. ಎಡಗಿವಿಗೆ ಎರಡೂ ತಗ್ಗು, ಎರಡೂ ಒಡಕು. ನನ್ನ ಮುಖ ನೋಡಿದ.

ಹಾಳಾದದ್ದು ಕಿವಿ.

ಫೋರ್ಕ್ ಕಿತ್ತುಕೊಂಡು ಬಡಿದು ಅವನ ಹಣೆಯ ನಡುವೆ ಇಟ್ಟೆ. "ಎಲ್ಲಿ ಕೇಳ್ತಿದೆ?"

"ಬಲಕ್ಕೆ. ಬರೀ ಬಲಕ್ಕೆ."

ಶೀತದಿಂದಲೋ ಗುಗ್ಗೆಯಿಂದಲೋ ಎಡಗಿವಿ ಕಟ್ಟಿದ್ದರೆ ಎಡಕ್ಕೇ ಜೋರಾಗಿ ಕೇಳಬೇಕಿತ್ತು. ಬಲಕ್ಕೆ ಹೋಯಿತೆಂದರೆ ಎಡಗಿವಿಯ ಒಳಭಾಗಕ್ಕೇ ಪೆಟ್ಟು. ಸ್ಟೀರಾಯ್ಡ್ ಆದಷ್ಟು ಬೇಗ ಶುರುವಾಗಬೇಕು. ಇದು ನನ್ನದೇ ಪಾಠ.

ದಿನಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುವ ಡಾಕ್ಟರಿಗೆ ಎಲ್ಲ ಹೇಳಿದೆ.

"ಆಕ್ಸಿಜನ್ ಎಷ್ಟು ಮ್ಯಾಡಮ್?"

"ತೊಂಬತ್ತೆಂಟು. ನಾನು ಹೇಳ್ತಿರೋದು ಕಿವಿ ವಿಷಯ."

"ಬರೀ ಕೋಲ್ಡ್ ಲಾ, ಮ್ಯಾಡಮ್. ಐಸೊಲೇಶನ್ ಮುಗಿಯೋವರೆಗೂ ಹೊರಗೆ ಬರಬೇಡಿ, ಆಮೇಲೆ ತೋರಿಸಿ. ಇಯರ್ ಕ್ಯಾನ್ ವೇಟ್."

ಇಯರ್ ಕ್ಯಾನ್ ವೇಟ್! ಅವನು ಸಂಗೀತ ಬರೆಯುವವನು ಎಂದೆ. ಡಾಕ್ಟರ್ ಸಮಾಧಾನದ ದನಿಯಲ್ಲಿ, ಪೂರ್ತಿ ಕಿವುಡಾದ ಮೇಲೂ ಸಂಗೀತ ಬರೆದ ಆ ಜರ್ಮನ್ ಮಹಾಶಯನ ಕಥೆ ಹೇಳಿದರು.

ಆಮೇಲೆ ಆ ಕಥೆಯನ್ನು ಎಷ್ಟು ಬಾಯಲ್ಲಿ ಕೇಳಿದೆನೋ. ಅಮ್ಮ ಕೂಡ ಫೋನಿನಲ್ಲಿ, "ಬರೆಯುದಕ್ಕೆ ಕಿವಿ ಯಾಕೆ ಮಗಾ, ತಲೆ ಇದ್ರೆ ಸಾಕಲ್ಲ?" ಎಂದರು. ಕಾಲು ಮುರಿದುಕೊಂಡು ಬಂದವನಿಗೆ, ಒಂಟಿಕಾಲಲ್ಲಿ ಬೆಟ್ಟ ಹತ್ತಿದವರಿದ್ದಾರೆ ಎಂದು ಹೇಳಿ ಪ್ಲಾಸ್ಟರ್ ಹಾಕದೆ ಯಾರಾದರೂ ಕಳಿಸುತ್ತಾರೆಯೇ? ಕಿವಿಗೆ ಮಾತ್ರ ಈ ನ್ಯಾಯ.

ಐಸೊಲೇಶನ್ ಮುಗಿಯುವವರೆಗೆ ದಿನಾ ಫೋನ್ ಮಾಡಿದೆ, ದಿನಾ ಜಗಳವಾಡಿದೆ. ಯಾರೂ ಔಷಧಿ ಬರೆದುಕೊಡಲಿಲ್ಲ. ಮುಗಿದ ದಿನವೇ ಆಸ್ಪತ್ರೆಗೆ ಓಡಿದೆವು. ಆಡಿಯೋಗ್ರಾಮ್ ನೋಡಿದ ಇಎನ್‌ಟಿ ಡಾಕ್ಟರ್ ಕನ್ನಡಕ ತೆಗೆದು, "ಇನ್ನೂ ಮೊದಲೇ ಬರಬೇಕಿತ್ತು," ಎಂದರು.

ನನ್ನ ಮೈ ಉರಿದುಹೋಯಿತು. "ಬರಬೇಡಿ ಅಂದದ್ದು ನಿಮ್ಮವರೇ!" ಎಂದು ಕೂಗಿದೆ. ಹೊರಗೆ ಕೂತಿದ್ದವರೆಲ್ಲ ಬಾಗಿಲ ಕಡೆ ನೋಡಿದರು.

ಕೂಗಿದ್ದು ರಾಮೋನನ ಎಡಗಡೆ ನಿಂತು. ಅವನು ತಿರುಗಲಿಲ್ಲ.

ಮಾತ್ರೆ, ಕಿವಿಯೊಳಗೆ ಇಂಜೆಕ್ಷನ್, ಮತ್ತೆ ಆಡಿಯೋಗ್ರಾಮ್. ಕೃತಿ ಅರ್ಧ ಹಾಳೆಯಲ್ಲಿ ನಿಂತಿತು. ಎರಡು ತಿಂಗಳು ಅವನು ಪೆನ್ಸಿಲ್ ಮುಟ್ಟಲಿಲ್ಲ. ತಲೆಯಲ್ಲಿ ಸ್ವರ ಕೂರುವುದೇ ಇಲ್ಲ, ಎರಡು ಕಿವಿಯೂ ಜಗಳವಾಡುತ್ತವೆ ಎನ್ನುತ್ತಿದ್ದ. ನಾನು ಆ ಫೋನ್ ಡಾಕ್ಟರನ್ನು ಬೈಯುತ್ತಲೇ ಇದ್ದೆ. ಬೈಯುವಾಗ ಪ್ರತಿ ಸಲವೂ, ಮೊದಲ ಮೂರು ದಿನ ಕಳೆದವಳು ನಾನೇ ಎನ್ನುವುದು ನೆನಪಾಗುತ್ತದೆ. ಹಾಗೆಂದು ಬೈಯುವುದನ್ನು ಬಿಟ್ಟಿಲ್ಲ.

ಹೊಸ ಫೋರ್ಕನ್ನು ಕಾಲೇಜಿಗೆ ಒಯ್ದುಬಿಟ್ಟೆ. ಈಗ ಆ ಪಾಠಕ್ಕೆ ಮೊದಲು ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಫೋರ್ಕ್ ಹಾಳಾಗಿದೆ ಎಂದು ಯಾರಾದರೂ ಹೇಳಿದರೆ ನಗಬೇಡಿ. ಅವತ್ತೇ ಕಿವಿ ನೋಡಿ.

ಹಳೆಯದು ಮನೆಯಲ್ಲಿದೆ. ಕಳೆದ ವಾರ ಬೆಳಿಗ್ಗೆ ಕಾಫಿ ಸೋಸುತ್ತಿದ್ದೆ. ಅದನ್ನು ಮೊಣಕಾಲಿಗೆ ಬಡಿದ ಸದ್ದಾಯಿತು. ಬಗ್ಗಿ ನೋಡಿದೆ. ರಾಮೋನ್ ಅದನ್ನು ಎಡಗಿವಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದ. ಮುಂದೆ ಆ ಅರ್ಧ ಹಾಳೆ, ಪೆನ್ಸಿಲ್.

ಕೇಳಲು ಭಯವಾಯಿತು. ಬಲಗಡೆ ಹೋಗಿ ನಿಂತು ಕೇಳಿದೆ. "ಹೇಗಿದೆ?"

"ಇನ್ನೂ ತಗ್ಗೇ," ಎಂದ. ಪೆನ್ಸಿಲ್ ಕೈಗೆತ್ತಿಕೊಂಡು, ಅಮ್ಮನ ಕನ್ನಡದಲ್ಲಿ, "ಆದ್ರೆ ಉಂಟು."